ಹಿಂದೆ ತಿರುಗಿ ನೋಡಿದ್ದು

ಗಲ್ಫಿನಿಂದ ರಜೆಗೆ ಬಂದ ಜಿತೇಶ್ ಪುತ್ತಿಗೆಯ ಧರ್ಣಪ್ಪಣ್ಣನ ಹೋಟೆಲಿನಲ್ಲಿ ಬನ್ಸ್ ಮುರಿಯುತ್ತಾ ಪ್ರಪಂಚದ ಪ್ರಜಾಪ್ರಭುತ್ವಗಳನ್ನೆಲ್ಲ ಒಂದೊಂದಾಗಿ ಮುಗಿಸುತ್ತಿದ್ದ. ಅಮೆರಿಕದಲ್ಲಿ ಬರೀ ಜಗಳವಂತೆ. ಫ್ರಾನ್ಸಿನಲ್ಲಿ ಪ್ರಧಾನಿಗಳು ಹಾಲಿನ ಪ್ಯಾಕೆಟಿನ ಹಾಗೆ ಎರಡೇ ದಿನಕ್ಕೆ ಕೆಡುತ್ತಾರಂತೆ. ಕೊನೆಗೆ ಸರದಿ ನಮ್ಮ ಪಂಚಾಯತಿಗೆ ಬಂತು. ಪಂಚಾಯತಿ ಸದಸ್ಯೆ ವಿನೋದಕ್ಕ ಎದುರಿನ ಮೇಜಿನಲ್ಲೇ ಚಾ ಕುಡಿಯುತ್ತಿದ್ದರು. ಅದಕ್ಕೆಲ್ಲ ಇವನ ಧ್ವನಿ ಇಳಿಯುತ್ತದೆಯೇ!

“ನಮ್ಮ ಮನೆಯ ರಸ್ತೆ ನೋಡಿ, ಹೊಂಡದಲ್ಲಿ ಮೀನು ಸಾಕಬಹುದು! ಗಲ್ಫಿನಲ್ಲಿ ಓಟೂ ಇಲ್ಲ, ಹೊಂಡವೂ ಇಲ್ಲ ಮಾರಾಯ್ರೆ.”

“ಹಾಗಾದ್ರೆ ಅಲ್ಲಿಯ ರಾಜನದ್ದು ಒಂದೂ ತಪ್ಪಿಲ್ವಾ?” ಎಂದು ಧರ್ಣಪ್ಪಣ್ಣ ಕೇಳಿದರು.

ಜಿತೇಶ್ ಹಿಂದೆ ತಿರುಗಿ ಬಾಗಿಲಿನ ಕಡೆ ನೋಡಿದ. ಸಮುದ್ರದಾಚೆಗೆ ಎಲ್ಲಿ ಕೇಳಿಸೀತೋ ಎಂಬಂತೆ, “ಮೆಲ್ಲ ಮಾತಾಡಿ,” ಎಂದು ಪಿಸುಗುಟ್ಟಿದ.

ವಿನೋದಕ್ಕನಿಗೆ ನಗು ತಡೆಯಲಾಗಲಿಲ್ಲ. “ನನ್ನನ್ನು ಬೈಯುವಾಗ ನೀನು ಒಮ್ಮೆಯೂ ಹಿಂದೆ ತಿರುಗಿ ನೋಡ್ಲಿಲ್ಲ ಜಿತೇಶ. ಪ್ರಜಾಪ್ರಭುತ್ವ ಅಂದ್ರೆ ಅದೇ.”

“ಸರಿ ಅಕ್ಕ, ರಸ್ತೆ ಯಾವಾಗ?”

ಈಗ ಹಿಂದೆ ತಿರುಗಿ ನೋಡಿದ್ದು ವಿನೋದಕ್ಕ, ಹೋಟೆಲಿಗೆ ಹಿಂಬಾಗಿಲು ಉಂಟಾ ಎಂದು.