ಖಾರದ ಹೆಬ್ಬೆರಳು

“‘ಸೌಟನ್ನು ಒಲೆಯ ಪಕ್ಕ ಇಟ್ಟಳು. ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದಳು. ನಡುಮನೆಯಲ್ಲಿ ಗಂಡಸರು ಹಿರಿಯರ ಎಡೆಗೆ ಅಡ್ಡಬೀಳುತ್ತಿದ್ದರು. ಹಿತ್ತಿಲ ಬಾಗಿಲು ದಾಟುವಾಗ ಅವಳಿಗೆ ಬಸ್ಸಿನ ಸದ್ದು ಕೇಳಿಸಿತು.’ ಇವತ್ತಿಗೆ ಇಷ್ಟೇ,” ಎಂದು ಗುಮ್‌ಸಿಲ್ ಪುಸ್ತಕ ಮಡಚಿದಳು.

“ಇಷ್ಟೇ ಅಂದ್ರೆ ಏನೇ? ಬಸ್ಸು ಹತ್ತಿದ್ಲೋ ಇಲ್ವೋ?” ಎಂದಳು ಒಣಮೀನು ಮಾರುವ ದೋಕ್‌ಸುನ್. ಅವಳ ಕೈಯಲ್ಲಿದ್ದ ಎಲೆಕೋಸು ಅರ್ಧ ಖಾರ ಬಳಿದುಕೊಂಡು ಹಾಗೇ ನಿಂತಿತ್ತು.

“ಅದನ್ನ ನಾನು ಹೇಳಿದ್ರೆ ನೀನು ಓದ್ತೀಯೇನಕ್ಕ? ಕೈ ತೊಳ್ಕೊಂಡು ಗ್ರಂಥಾಲಯಕ್ಕೆ ಬಾ.”

“ಇವಳ ಹೊಟ್ಟೆ ಉರಿದು ಹೋಗ. ಉಪ್ಪು ಹಾಕಿ ನೀರು ಕೊಡಲ್ಲ ಅಂತಾಳೆ.”

ಹೆಂಗಸರೆಲ್ಲ ನಕ್ಕರು. ಊರಿನ ಒಂಟಿ ಮುದುಕರಿಗೆಲ್ಲ ಚಳಿಗಾಲಕ್ಕೆ ಕಿಮ್ಚಿ, ಅಂದರೆ ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕಿಕೊಡುವ ದಿನ ಅದು. ಪಂಚಾಯಿತಿ ಕಚೇರಿಯ ಅಂಗಳದಲ್ಲಿ ಉಪ್ಪಿನಲ್ಲಿ ನೆನೆದ ಎಲೆಕೋಸು ಗುಡ್ಡೆ ಬಿದ್ದಿತ್ತು. ಸಮುದ್ರದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿತ್ತು. ಪ್ರತಿಯೊಬ್ಬಳೂ ಮೊಣಕೈವರೆಗೆ ರಬ್ಬರ್ ಕೈಗವಸು ತೊಟ್ಟು, ಹಿಂದುಗಡೆ ಕುಂಡೆಗೆ ಸ್ಪಂಜಿನ ಗುಂಡು ಮಣೆಯೊಂದನ್ನು ಪಟ್ಟಿಯಿಂದ ಬಿಗಿದುಕೊಂಡಿದ್ದಳು. ಹೊಲದಲ್ಲಿ ಕಳೆ ಕೀಳುವಾಗ ಕಟ್ಟಿಕೊಳ್ಳುವ ಮಣೆ. ಎದ್ದರೆ ಅದೂ ಏಳುತ್ತದೆ, ಎಲ್ಲಿ ಕುಕ್ಕರಿಸಿದರೆ ಅಲ್ಲಿ ಆಸನ. ನೋಡುವವರಿಗೆ ನಗು ಬರಬಹುದು, ಕಟ್ಟಿಕೊಂಡವರ ಸೊಂಟಕ್ಕೆ ಮಾತ್ರ ಅದರ ಬೆಲೆ ಗೊತ್ತು.

ಗುಮ್‌ಸಿಲ್ ಪಕ್ಕದ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಊಟದ ಬಿಡುವಿನಲ್ಲಿ ಊಟ ಮಾಡುವುದನ್ನು ಬಿಟ್ಟು ಇಲ್ಲಿ ಬಂದು ಕೂತಿದ್ದಳು. ಕೈತುಂಬ ಖಾರ ಮೆತ್ತಿಕೊಂಡವರು ಪುಟ ತಿರುವಲಾರರು, ಆದರೆ ಅವರ ಕಿವಿ ಖಾಲಿಯಿರುತ್ತದೆ ಎಂಬುದು ಅವಳ ಲೆಕ್ಕಾಚಾರ. ಹೊಸ ಕಾದಂಬರಿಯ ಹುಚ್ಚು ಅವಳಿಗೆ ಹೇಗೆಂದರೆ, ಪುಸ್ತಕದ ಪೆಟ್ಟಿಗೆ ಬಂದ ದಿನ ಅವಳ ಮನೆಯಿಂದ ಅನ್ನ ಸೀದ ವಾಸನೆ ಬೀದಿಗೆ ಬರುತ್ತಿತ್ತು. ಓದಿ ಮುಗಿಸಿದ ಮೇಲಂತೂ ಬಾಯಿಗೆ ತಡೆಯೇ ಇಲ್ಲ. ದೋಣಿ ಮುಳುಗಿ ಗಂಡನನ್ನು ಕಳೆದುಕೊಂಡವಳು ಬಂದರೆ, ಸಮುದ್ರದ ಹೆಸರೇ ಬಾರದ ಬೆಟ್ಟದೂರಿನ ಕಥೆ ಹುಡುಕಿ ಕೊಡುತ್ತಿದ್ದಳು. ಸೊಸೆಯೊಂದಿಗೆ ಮಾತು ಬಿಟ್ಟವಳಿಗೆ, ಅವಳಿಗಿಂತ ಕೆಟ್ಟ ಅತ್ತೆಯಿರುವ ಕಾದಂಬರಿ. “ಹಳೇ ಪುಸ್ತಕವೇ ಸಾಕು ಬಿಡು” ಅನ್ನುವವರಿಗೆ “ನಿನ್ನೆ ಹಿಡಿದ ಮೀನು ಬಿಟ್ಟು ಹೋದ ವರ್ಷದ್ದು ತಿಂತೀರಾ?” ಎಂದು ಕೇಳುತ್ತಿದ್ದಳು. ಅವಳು ಹೇಳಿದ ಪುಸ್ತಕವೆಲ್ಲ ಎಲ್ಲರಿಗೂ ಹಿಡಿಸುತ್ತಿತ್ತು ಅಂತಲ್ಲ. ಬೈದು ವಾಪಸು ತಂದವರೂ ಇದ್ದರು. ಬೈಯಲು ಬಂದವರು ಬರಿಗೈಯಲ್ಲಿ ಹೋದದ್ದು ಮಾತ್ರ ಇಲ್ಲ.

ಇವತ್ತಿನದು ಎಳೆ ಹುಡುಗಿಯೊಬ್ಬಳು ಬರೆದ ಮೊದಲ ಕಾದಂಬರಿ. ಸುಗ್ಗಿಹಬ್ಬದ ಎಡೆಗೆ ಅಡುಗೆ ಮಾಡುತ್ತಿದ್ದ ಹಿರಿಸೊಸೆ ನಡುವೆಯೇ ಸೌಟು ಇಟ್ಟು ಹೊರಟುಹೋಗುವ ಕಥೆ.

ಇಷ್ಟು ಹೊತ್ತೂ ಮಾತಾಡದೆ ಖಾರ ಬಳಿಯುತ್ತಿದ್ದ ಓಕ್‌ಬುನ್ ದೊಡ್ಡಮ್ಮ ಎದ್ದಳು. ಹಿರಿಯರ ಸಂಘದ ಅಧ್ಯಕ್ಷ ಪ್ಯೋ ಯಜಮಾನರ ಹೆಂಡತಿ ಅವಳು. ನಲವತ್ತು ವರ್ಷದಿಂದ ಆ ಮನೆಯ ಎಡೆಗೆ ಅವಳದೇ ಅಡುಗೆ. ನೆಟ್ಟಗೆ ಗುಮ್‌ಸಿಲ್ ಬಳಿ ಬಂದು, ತೊಡೆಯ ಮೇಲಿದ್ದ ಪುಸ್ತಕ ಕಿತ್ತುಕೊಂಡು, ಕೈಯಲ್ಲಿ ಗವಸಿದೆ, ಗವಸಿನ ತುಂಬ ಖಾರವಿದೆ ಎಂಬುದನ್ನೇ ಮರೆತು ಪುಟ ತಿರುವಿದಳು. ಎರಡು ಸಾಲು ಓದುವಷ್ಟರಲ್ಲಿ ದೋಕ್‌ಸುನ್ ಕಿರುಚಿದಳು. ಬಿಳಿ ಹಾಳೆಯ ನಡುಮಧ್ಯೆ ಹೆಬ್ಬೆರಳೊಂದು ಕೆಂಪಗೆ ಮೂಡಿತ್ತು.

“ಅಯ್ಯೋ, ನನ್ನ ಕೈ ಕಡಿಯ,” ಎಂದು ಓಕ್‌ಬುನ್ ಪುಸ್ತಕ ವಾಪಸು ಕೊಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ, “ಹತ್ತಿದ್ಲು ಕಣ್ರೇ ಬಸ್ಸು,” ಎಂದಳು.

ಸರಿಯಾಗಿ ಆಗಲೇ ಫೋಟೊದ ತಂಡ ಬಂತು. ಪ್ರತಿವರ್ಷ ಕಿಮ್ಚಿ ಹಾಕುವ ದಿನ ದೊಡ್ಡವರೆಲ್ಲ ಬಂದು, ಹೊಸ ಗವಸು ತೊಟ್ಟು, ಒಂದೊಂದು ಎಲೆಕೋಸು ಕೈಯಲ್ಲಿ ಹಿಡಿದು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಪ್ಯೋ ಯಜಮಾನರು ಮುಂದೆ, ಗ್ರಂಥಾಲಯದ ಮುಖ್ಯಸ್ಥ ತಾಕ್ ಹಿಂದೆ. ಯಜಮಾನರ ಕಣ್ಣು ಎಲೆಕೋಸಿನ ಮೇಲೆ ಬೀಳುವ ಮೊದಲು ಪುಸ್ತಕದ ಮೇಲೆ ಬಿತ್ತು.

“ಎಡೆ ಬಿಟ್ಟು ಓಡಿಹೋದವಳ ಕಥೆ ಇದೇ ಅಲ್ವೇನ್ರೀ? ನಮ್ಮ ಮನೆ ಹೆಂಗಸರನ್ನ ಕೂರಿಸ್ಕೊಂಡು ಸರ್ಕಾರಿ ಸಂಬಳದಲ್ಲಿ ಇದನ್ನ ಓದ್ತಿದೀರಾ?” ಎಂದು ಅವರು ತಾಕ್ ಕಡೆ ತಿರುಗಿದರು. ತಾಕ್‌ನ ಮುಖ ಇಂಗು ತಿಂದ ಮಂಗನಂತಾಯಿತು.

ತಾಕ್ ಕೆಟ್ಟವನಲ್ಲ. ನೀರು ಸರಬರಾಜು ಕಚೇರಿಯಿಂದ ವರ್ಗವಾಗಿ ಬಂದವನು. ಅಲ್ಲಿ ದೂರು ಬಂದರೆ ನಲ್ಲಿ ತಿರುಗಿಸಿದರೆ ಮುಗಿಯುತ್ತಿತ್ತು, ಇಲ್ಲಿ ಏನು ತಿರುಗಿಸಬೇಕೆಂದು ಅವನಿಗೆ ತಿಳಿದಿರಲಿಲ್ಲ. ಆದ್ದರಿಂದ ನಿಯಮಗಳನ್ನು ದೊಡ್ಡಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿಸಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ.

ಮಾರನೆಯ ದಿನ ಗುಮ್‌ಸಿಲ್‌ಳನ್ನು ಒಳಗೆ ಕರೆದ. ಮೇಜಿನ ಮೇಲೆ ಆ ಪುಸ್ತಕವಿತ್ತು.

“ಈ ಪುಸ್ತಕ ತೆಗೆದುಹಾಕಿ ಅಂತ ನಾನು ಹೇಳ್ತಿಲ್ಲ, ಗುಮ್‌ಸಿಲ್ ಅವರೇ. ಆದ್ರೆ ಕಲೆಯಾದ ಪುಸ್ತಕ ಹೊರಗೆ ಕೊಡೋ ಹಾಗಿಲ್ಲ. ಇದು ಒಳಕೋಣೇಲಿ ಇರ್ಲಿ. ಇನ್ನೊಂದು ಪ್ರತಿ ತರಿಸೋಕೆ ಈ ವರ್ಷ ಆಗಲ್ಲ. ಯಾರ ಕೈ ಇದು?”

“ನನ್ನ ಕಣ್ಣೆದುರು ಆದದ್ದು, ನಂದೇ ಅಂದ್ಕೊಳ್ಳಿ.”

“ಇನ್ಮೇಲೆ ಸಿಬ್ಬಂದಿ ಯಾರೂ ಓದುಗರಿಗೆ ಇಂಥ ಪುಸ್ತಕ ಓದಿ ಅಂತ ಹೇಳಬಾರದು. ಅವರು ಕೇಳಿದ್ದು ಕೊಡಬೇಕು, ಅಷ್ಟೇ. ಗೋಡೆಗೂ ಹಾಕಿಸ್ತೀನಿ.” ಅವನು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡ. “ಭಾನುವಾರ ಹಿರಿಯರ ಸಂಘಕ್ಕೆ ನನ್ನ ಜೊತೆ ಬನ್ನಿ. ಬಗ್ಗಿ ನಮಸ್ಕಾರ ಮಾಡಿ, ತಪ್ಪಾಯ್ತು, ಆ ಪುಸ್ತಕ ಓದಬಾರದಿತ್ತು ಅಂದ್ಬಿಡಿ. ವರ್ಷದ ಕೊನೇಲಿ ನಿಮ್ಮ ಕೆಲಸ ಕಾಯಂ ಆಗೋದಿದೆ. ಆ ಕಾಗದ ನನ್ನ ಕೈಯಿಂದಲೇ ಹೋಗ್ಬೇಕು, ಗೊತ್ತಲ್ಲ?”

ಗುಮ್‌ಸಿಲ್‌ಗೆ ಗೊತ್ತಿತ್ತು. ಎರಡು ವರ್ಷ ಮುಗಿದರೆ ಕಾಯಂ ಮಾಡಬೇಕು, ಇಲ್ಲವೇ ಕಳಿಸಬೇಕು. ಇಲ್ಲಿಗೆ ಬರುವ ಮೊದಲು ಅವಳು ಬೆಟ್ಟದ ಬುಡದ ಮೀನು ಒಣಗಿಸುವ ಅಂಗಳದಲ್ಲಿದ್ದಳು. ಹಿಮ ಬೀಳುವಾಗ ಹಸಿಮೀನನ್ನು ಗಳಕ್ಕೆ ನೇತುಹಾಕುವ ಕೆಲಸ. ಬೆರಳ ತುದಿ ಸತ್ತುಹೋದಂತಾಗಿ, ಮನೆಗೆ ಬಂದ ಮೇಲೆ ಪುಟ ತಿರುವಲೂ ಆಗುತ್ತಿರಲಿಲ್ಲ. ಅದು ನೆನಪಾಗಿ ಅವಳಿಗೆ ಭಯವಾಯಿತು, ಸುಳ್ಳೇಕೆ. ಭಯವಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

“ಕಲೆಯಾಗಿದ್ದಕ್ಕೆ ಬೇಕಾದ್ರೆ ತಲೆ ಬಗ್ಗಿಸ್ತೀನಿ ಸಾರ್. ಓದಿದ್ದಕ್ಕೆ ಬಗ್ಗಿಸಲ್ಲ.”

“ಬಗ್ಗೋದು ಒಂದು ಕ್ಷಣದ ಕೆಲಸ.”

“ಆಮೇಲೆ ಇನ್ನೊಂದು ಪುಸ್ತಕ ಕೈಲಿ ಹಿಡ್ಕೊಂಡು ಯಾರಿಗಾದ್ರೂ ‘ಇದು ಚೆನ್ನಾಗಿದೆ’ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಭಾನುವಾರ ಅವಳು ಹೋಗಲಿಲ್ಲ. ಸೋಮವಾರ ಗೋಡೆಯ ಮೇಲೆ ಹೊಸ ನಿಯಮ ಬಂದಿತ್ತು. ಗುಮ್‌ಸಿಲ್ ಅದನ್ನು ಅಕ್ಷರಶಃ ಪಾಲಿಸಿದಳು. ದೋಕ್‌ಸುನ್ ಬಂದು ಕೇಳಿದರೆ, “ಅಕ್ಕ, ಮೂರನೇ ಸಾಲಿನ ಹಸಿರು ಪುಸ್ತಕ ಓದು ಅಂತ ನಾನು ಹೇಳೋ ಹಾಗಿಲ್ಲ. ಅದರಲ್ಲಿ ಹೋಟೆಲಿನವಳೊಬ್ಬಳು ಮೂವರು ಬಾವಂದಿರನ್ನ ಕೋರ್ಟಿಗೆ ಎಳೀತಾಳೆ ಅಂತಲೂ ಹೇಳೋ ಹಾಗಿಲ್ಲ,” ಎನ್ನುತ್ತಿದ್ದಳು. ಒಳಗೆ ಕೂತ ತಾಕ್‌ಗೆ ಎಲ್ಲವೂ ಕೇಳಿಸುತ್ತಿತ್ತು. ಪಾಪ, ಯಾವ ನಿಯಮ ತೋರಿಸಿ ಬಾಯಿ ಮುಚ್ಚಿಸಬೇಕೆಂದು ಅವನಿಗೆ ಹೊಳೆಯಲಿಲ್ಲ.

ವಾರದ ಕೊನೆಗೆ ಓಕ್‌ಬುನ್ ಬಂದಳು. ಪೇಟೆಯ ಬಸ್ಸಿನಿಂದ ನೇರವಾಗಿ ಇಳಿದು ಬಂದಿದ್ದಳು. ಹಿಂದೆಯೇ ಅವಳ ಗಂಡ ಬುಸುಗುಡುತ್ತ ಬಂದರು. ಬಸ್ ನಿಲ್ದಾಣದಿಂದಲೂ ಜಗಳ ನಡೆದಿರಬೇಕು. ಅವಳು ಕೈಚೀಲದಿಂದ ಹೊಚ್ಚಹೊಸ ಪುಸ್ತಕವೊಂದನ್ನು ತೆಗೆದು ತಾಕ್‌ನ ಮುಂದೆ ಇಟ್ಟಳು. ಅದೇ ಕಾದಂಬರಿ.

“ಗೋಡೆ ಮೇಲೆ ನೀವೇ ಬರೆಸಿದ್ದೀರಲ್ಲಪ್ಪ. ಪುಸ್ತಕ ಹಾಳು ಮಾಡಿದವರು ಅದೇ ಪುಸ್ತಕ ಹೊಸದು ತಂದುಕೊಡಬೇಕು, ಹಾಳಾದದ್ದು ಅವರಿಗೆ ಸೇರ್ತದೆ ಅಂತ. ಆ ಹೆಬ್ಬೆರಳು ನಂದು. ಕೊಡಿ ನನ್ನ ಪುಸ್ತಕ.”

“ಲೇ, ಮರ್ಯಾದೆ ಕಳೀಬೇಡ,” ಎಂದರು ಪ್ಯೋ.

“ಮರ್ಯಾದೆನಾ? ನಿಮ್ಮ ಅಪ್ಪ, ತಾತ, ಮುತ್ತಾತ, ಒಬ್ಬರ ಮುಖಾನೂ ನಾನು ಕಂಡಿಲ್ಲ. ಆದ್ರೂ ಅವರಿಗೆ ಏನು ಸೇರ್ತದೆ, ಏನು ಸೇರಲ್ಲ ಎಲ್ಲ ಗೊತ್ತು ನಂಗೆ. ನಲವತ್ತು ವರ್ಷ ಬೇಯಿಸಿ ಹಾಕಿದೀನಿ. ನಂಗೆ ಏನು ಸೇರ್ತದೆ ಅಂತ ಯಾವತ್ತಾದ್ರೂ ಕೇಳಿದೀರಾ? ಈ ಹುಡುಗಿ ಕೇಳಿದ್ಲು, ಕಿಮ್ಚಿ ಹಾಕೋ ದಿನ ಓದೋಕೆ ಕೂರೋ ಮೊದಲು. ‘ದೊಡ್ಡಮ್ಮ, ಇದು ನಿಮಗೇ ಅಂತ ತೆಗೆದಿಟ್ಟಿದ್ದೆ’ ಅಂದ್ಲು.”

ಪ್ಯೋ ಏನೋ ಹೇಳಲು ಬಾಯಿ ತೆರೆದರು.

“ಹೆದರ್ಬೇಡಿ, ನಾನೇನು ಬಸ್ಸು ಹತ್ತಲ್ಲ,” ಎಂದಳು ಓಕ್‌ಬುನ್. “ಹತ್ತಿದವಳು ಎಲ್ಲಿ ಇಳಿದಳು ಅಂತ ತಿಳ್ಕೋಬೇಕು, ಅಷ್ಟೇ. ಸಂಜೆ ಅನ್ನ ತಡ ಆಗ್ತದೆ ಇವತ್ತು.”

ಗುಮ್‌ಸಿಲ್ ಒಳಕೋಣೆಗೆ ಹೋಗಿ ಆ ಪುಸ್ತಕ ತಂದಳು. ಖಾರ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಕೊಡುವಾಗ ಅವಳ ಕಣ್ಣು ತುಂಬಿ ಬಂದಿತ್ತು. ಆಮೇಲೆ ಹೊಸ ಪ್ರತಿಗೆ ಮುದ್ರೆ ಒತ್ತಿ, ತಾಕ್‌ನ ಕಡೆ ನೋಡಿದಳು. ಹೊಸದಾಗಿ ಬಂದ ಯಾವ ಪುಸ್ತಕವಾದರೂ ಮೂರು ತಿಂಗಳು ಬಾಗಿಲೆದುರಿನ ಹೊಸ ಪುಸ್ತಕಗಳ ಕಪಾಟಿನಲ್ಲೇ ಇರಬೇಕೆಂದೂ ಗೋಡೆಯ ಮೇಲೆ ಅವನೇ ಬರೆಸಿದ್ದ. ಅವನು ಕೆಳಗೆ ನೋಡಿದ. ಅವಳು ಅದನ್ನು ಕಪಾಟಿನ ನಡುವಿನ ಸಾಲಿನಲ್ಲಿ, ಮುಖ ಹೊರಗೆ ಕಾಣುವಂತೆ ನಿಲ್ಲಿಸಿದಳು.

ಇದೆಲ್ಲ ಆದ ಮೇಲೂ ಕೆಲಸ ಉಳಿಯಲಿಲ್ಲ. ಉಳಿಯುತ್ತದೆ ಎಂದು ಅವಳೂ ಅಂದುಕೊಂಡಿರಲಿಲ್ಲ. ವರ್ಷದ ಕೊನೆಯ ದಿನ ತಾಕ್ ಬೀಗದ ಕೈ ತೆಗೆದುಕೊಳ್ಳುತ್ತ, “ಈಗಲೂ ಕಾಲ ಮಿಂಚಿಲ್ಲ. ಅಧ್ಯಕ್ಷರ ಮನೆಗೆ ಹೋಗಿ ಒಂದು ಮಾತು...” ಎಂದ.

“ನಿಮಗೊಂದು ಪುಸ್ತಕ ತೆಗೆದಿಟ್ಟಿದೀನಿ ಸಾರ್, ಮೇಜಿನ ಮೇಲಿದೆ. ಓದಿ ಅಂತ ನಾನು ಹೇಳೋ ಹಾಗಿಲ್ಲ,” ಎಂದು ಅವಳು ಕೋಟು ಹಾಕಿಕೊಂಡಳು. ಮನೆಗೆ ಹೋಗಿ ಒಬ್ಬಳೇ ಕೂತು ಅತ್ತಳು.

ಹೊಸ ವರ್ಷದಲ್ಲಿ ಗುಮ್‌ಸಿಲ್ ಮತ್ತೆ ಮೀನಿನ ಅಂಗಳಕ್ಕೆ ಹೋದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಗಳಕ್ಕೆ ಮೀನು ನೇತುಹಾಕುವುದು. ಮಧ್ಯಾಹ್ನ ಮುಖ ತೊಳೆದು ನೆಟ್ಟಗೆ ಗ್ರಂಥಾಲಯಕ್ಕೆ ಬಂದು, ಹೊಸ ಪುಸ್ತಕಗಳ ಕಪಾಟಿನ ಪಕ್ಕದ ಕುರ್ಚಿಯಲ್ಲಿ ಕೂತು ಓದುವುದು. ಎಷ್ಟು ತೊಳೆದರೂ ಕೈಯ ಮೀನಿನ ವಾಸನೆ ಹೋಗುತ್ತಿರಲಿಲ್ಲ. ಪುಸ್ತಕಕ್ಕೆ ಬಂದವರು ತಾಕ್‌ಗೆ ತಲೆ ಬಾಗಿಸಿ, ಅವನನ್ನು ದಾಟಿ, ಅವಳ ಕುರ್ಚಿಯ ಬಳಿಯೇ ನಿಲ್ಲುತ್ತಿದ್ದರು.

ಮೂರನೆಯ ದಿನ ತಾಕ್ ಎದ್ದು ಬಂದ. “ಗುಮ್‌ಸಿಲ್ ಅವರೇ, ಪುಸ್ತಕ ಓದಿ ಅಂತ ಹೇಳಬಾರದು ಅಂತ ನಿಯಮ ಇದೆ.”

“ಅದು ಸಿಬ್ಬಂದಿಗೆ ಸಾರ್,” ಎಂದು ಅವಳು ಗೋಡೆಯ ಕಡೆ ಬೆರಳು ತೋರಿದಳು. “ನಾನು ಬರೀ ಓದೋಳು. ನನ್ನನ್ನ ಇನ್ನೊಂದು ಸಲ ಕೆಲಸದಿಂದ ತೆಗೆಯೋಕೆ ಬರಲ್ಲ.”

ಅವನು ತನ್ನ ಮೇಜಿಗೆ ಮರಳಿದ. ಮಾರನೆಯ ದಿನ ಅವಳು ಬಂದಾಗ ಕಪಾಟಿನ ಪಕ್ಕದ ಕುರ್ಚಿ ಇರಲಿಲ್ಲ. ಸುತ್ತ ಮುತ್ತ ಎಲ್ಲೂ ಕುರ್ಚಿಯಿರಲಿಲ್ಲ. ಎಲ್ಲವನ್ನೂ ಪರೀಕ್ಷೆಗೆ ಓದುವವರ ಕೋಣೆಗೆ ಸಾಗಿಸಲಾಗಿತ್ತು. ಅವಳು ಅಂದು ನಿಂತುಕೊಂಡೇ ಓದಿದಳು. ಬೆಳಗಿನಿಂದ ನಿಂತ ಕಾಲು ಬೊಬ್ಬೆ ಹೊಡೆಯುತ್ತಿತ್ತು. ಆದರೂ ಬಾಗಿಲು ಹಾಕುವವರೆಗೆ ಕದಲಲಿಲ್ಲ. ಹೋಗುವಾಗ ದೋಕ್‌ಸುನ್ ಅವಳ ಕಾಲು ನೋಡಿದಳು, ಖಾಲಿ ನೆಲ ನೋಡಿದಳು.

ಮರುದಿನ ಹಿಮ ಬೀಳುತ್ತಿತ್ತು. ಗುಮ್‌ಸಿಲ್ ಬೇಗ ಬಂದು ಕಪಾಟಿಗೆ ಒರಗಿ ನಿಂತು ಬೆರಳುಗಳಿಗೆ ಉಸಿರು ಊದಿಕೊಳ್ಳುತ್ತಿದ್ದಳು. ಬಾಗಿಲು ತೆರೆಯಿತು. ಓಕ್‌ಬುನ್ ದೊಡ್ಡಮ್ಮ ಒಳಗೆ ಬಂದು, ಕಾಲಿನ ಹಿಮ ಕೊಡವಿ, ತಾಕ್‌ಗೆ ವಿನಯದಿಂದ ತಲೆ ಬಾಗಿಸಿದಳು. ಅವಳ ಉದ್ದ ಕೋಟು ಹಿಂದುಗಡೆ ಏನೋ ಗುಂಡಗೆ ಉಬ್ಬಿಕೊಂಡಿತ್ತು. ಅವಳ ಹಿಂದೆ ದೋಕ್‌ಸುನ್, ಅವಳ ಹಿಂದೆ ಕಿಮ್ಚಿ ಅಂಗಳದ ಉಳಿದ ಹೆಂಗಸರು, ಎಲ್ಲರ ಕೋಟೂ ಹಾಗೇ ಉಬ್ಬಿತ್ತು. ಒಬ್ಬೊಬ್ಬರಾಗಿ ಕಪಾಟಿನ ಮುಂದೆ ಬಂದು ಕೋಟಿನ ಹಿಂಬದಿ ಮೇಲೆತ್ತಿ ಕೂತರು.

ದೋಕ್‌ಸುನ್ ಸೊಂಟಕ್ಕೆ ಕಟ್ಟಿ ತಂದಿದ್ದ ಇನ್ನೊಂದು ಮಣೆ ಬಿಚ್ಚಿ ಗುಮ್‌ಸಿಲ್ ಕೈಗೆ ಕೊಟ್ಟಳು. “ಕಟ್ಕೋ. ಯಾವುದು ಹೊಸದು ಬಂದಿದೆ ಹೇಳು.”

ಮೇಜಿನ ಹಿಂದೆ ತಾಕ್ ಎದ್ದು ನಿಂತ. ಗೋಡೆಯ ಮೇಲಿನ ನಿಯಮಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿದ. ಓದಿ ಮುಗಿದ ಮೇಲೂ ಅಲ್ಲೇ ನೋಡುತ್ತ ನಿಂತಿದ್ದ.

ಗುಮ್‌ಸಿಲ್ ಪಟ್ಟಿ ಬಿಗಿದುಕೊಂಡು, ಅವರ ನಡುವೆ ಕುಕ್ಕರಿಸಿ, ಮೀನು ನಾರುವ ಕೈಯಿಂದ ಮೊದಲ ಪುಟ ತೆರೆದಳು.