ಅಮಾವಾಸ್ಯೆ ಗೊತ್ತಿಲ್ಲದ ಅಲಾರಂ

ರಾಯದುರ್ಗದ ಆ ಜೀನ್ಸ್ ಹೊಲಿಗೆ ಶೆಡ್ಡಿನಲ್ಲಿ ಸಂಜೆಯಾದರೆ ಬೆಳಕೇ ನೀಲಿಯಾಗುತ್ತದೆ. ಬಟ್ಟೆಯ ಸಣ್ಣ ಎಳೆಗಳು ಗಾಳಿಯಲ್ಲಿ ತೇಲುತ್ತ ಕಿಟಕಿಯ ಕಂಬಿಯ ಮೇಲೆ, ಹೊಲಿಯುವವರ ತಲೆಯ ಮೇಲೆ ಮೆಲ್ಲನೆ ಕೂರುತ್ತವೆ. ಅಮಾವಾಸ್ಯೆಯ ಹಿಂದಿನ ಸಂಜೆ ಎಲ್ಲರೂ ಮಿಷಿನ್ ಒರೆಸಿ, ಎಣ್ಣೆ ಬಿಟ್ಟು, ಬಟ್ಟೆ ಹೊದಿಸುತ್ತಾರೆ. ಮರುದಿನ ಯಾರೂ ಮಿಷಿನ್ ತುಳಿಯುವುದಿಲ್ಲ. ಭಾನುವಾರ ಕೆಲಸ, ಅಮಾವಾಸ್ಯೆಗೆ ರಜೆ. ಶೆಡ್ಡಿನ ಒಡತಿ ದ್ರಾಕ್ಷಾಯಣಮ್ಮನಿಗೆ ಇದು ಅತ್ತೆಯ ಕಾಲದಿಂದ ಬಂದ ರೂಢಿ.

ರಾಧಾ ಒಬ್ಬಳಿಗೆ ಮಾತ್ರ ಆ ರಜೆ ಇರಲಿಲ್ಲ. ಅವಳ ತವರು ಮಡಕಶಿರಾ ಕಡೆಯ ಅಮರಾಪುರ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲವು ವರ್ಷ ದುಡಿದು, ಮಗಳು ಶ್ರಾವಣಿಯನ್ನು ಬೇರೆಯವರ ಮನೆಯಲ್ಲಿ ಬಿಟ್ಟು ಹೋಗುವುದು ಸಾಕಾಗಿ ಇಲ್ಲಿಗೆ ಬಂದಿದ್ದಳು. ಶೆಡ್ಡಿಗೆ ಅಂಟಿದ ಕೋಣೆಯಲ್ಲೇ ವಾಸ. ಹಾಗಾಗಿ ರಜೆಯ ದಿನ ಮಿಷಿನ್ ಕಾಯುವುದು ಅವಳ ಪಾಲಿಗೆ ಬಂತು. ಅವಳ ತಾಯಿ ಮೈಲಾರಮ್ಮ ಪ್ರತಿ ಅಮಾವಾಸ್ಯೆಗೂ ಹೇಮಾವತಿಯ ಸಿದ್ದೇಶ್ವರನ ಗುಡಿಗೆ ಹೋಗುವಾಕೆ. ಫೋನಿನಲ್ಲಿ ಒಂದೇ ಮಾತು: “ಕಣ್ಣು ಮಂಜಾಗ್ತಾ ಐತೆ ಕಣೇ. ಕಾಣೋವಾಗ್ಲೇ ಮೊಮ್ಮಗಳನ್ನ ಒಂದ್ಸಲ ಕರ್ಕೊಂಡು ಬಾ.”

ಕೊನೆಗೆ ಶೆಡ್ಡಿಗೆ ಅಲಾರಂ ಬಂತು. ಬಜಾರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಸುಮಾ ಅದನ್ನು ಹಾಕಿಕೊಟ್ಟಳು. ಕಾವಲು ಆನ್ ಇದ್ದಾಗ ಯಾರಾದರೂ ಬಾಗಿಲು ತೆರೆದರೆ ಸೈರನ್ ಕೂಗುತ್ತದೆ, ರಾಧಾಳ ಫೋನಿಗೆ ಸಂದೇಶ ಬರುತ್ತದೆ. ಗುಂಡಿ ಒತ್ತುವ ನೆನಪೂ ಬೇಡ. ಸಂಜೆ ಕೆಲಸ ಮುಗಿದ ಮೇಲೆ ಅದು ತಾನೇ ಆನ್ ಆಗುತ್ತದೆ, ಬೆಳಿಗ್ಗೆ ಕೆಲಸದ ಹೊತ್ತಿಗೆ ತಾನೇ ಆಫ್ ಆಗುತ್ತದೆ.

ಆ ಅಮಾವಾಸ್ಯೆಯ ಬೆಳಿಗ್ಗೆ ರಾಧಾ ಮಗಳೊಡನೆ ಬಸ್ ಹತ್ತಿದಳು. ಕಿಟಕಿಯ ಗಾಳಿಗೆ ಕಣ್ಣು ಮುಚ್ಚಿತು. ಅರೆನಿದ್ದೆಯಲ್ಲಿ ಗುಡಿಯ ತಣ್ಣನೆಯ ಕಲ್ಲು, ತಾಯಿಯ ಸೆರಗು. ಅಷ್ಟರಲ್ಲಿ ಫೋನ್ ಬಂತು, ದ್ರಾಕ್ಷಾಯಣಮ್ಮನದು. “ರಾಧಾ, ಎಲ್ಲಿದ್ದರೂ ವಾಪಸ್ ಬಾ.”

ಅವಳು ಅರ್ಧ ದಾರಿಯಲ್ಲೇ ಇಳಿದು ಹಿಂದಿರುಗಿದಾಗ ಸುಮಾ ಶೆಡ್ಡಿನಲ್ಲಿದ್ದಳು. ಹಿಂಬಾಗಿಲ ಚಿಲಕ ಸಡಿಲವಾಗಿ, ಪಕ್ಕದ ಮನೆಯ ಬೋರಣ್ಣನ ಮೇಕೆ ಒಳಗೆ ನುಗ್ಗಿತ್ತು. ಸೈರನ್ ಸದ್ದೇ ಮಾಡಿರಲಿಲ್ಲ.

“ಏನ್ ಸುಮಾ, ನಿನ್ನ ಕಾವಲುಗಾರ ಮ್ಯಾಕಿಗೆ ಬರ್ರಿ, ಕುಂದರ್ರಿ ಅಂದಾನಲ್ಲ! ಒಂದು ಪ್ಯಾಂಟಿನ ಕಾಲು ಪೂರಾ ತಿಂದೈತಿ.” ದ್ರಾಕ್ಷಾಯಣಮ್ಮ ಪ್ಯಾಂಟು ಎತ್ತಿ ತೋರಿಸಿದಳು.

“ಒಂದ ಕಾಲೇನ್ರಿ ಅತ್ತಿ?”

“ನಗಬ್ಯಾಡ. ಮ್ಯಾಕಿ ಬಂದಲ್ಲಿ ಕಳ್ಳ ಬರಂಗಿಲ್ಲೇನು? ಮಿಷಿನ್ ಹೋದ್ರ ಇಷ್ಟು ಮಂದಿ ಮತ್ತ ಬೆಂಗ್ಳೂರು ಬಸ್ ಹತ್ತಬೇಕಾಕ್ಕತಿ. ಇದನ್ನ ಬಿಚ್ಚಿಕೊಂಡು ಹೋಗು. ಮೊದಲಿನಂಗ ರಾಧಾನ ಕಾಯ್ತಾಳ.”

ರಾಧಾ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಶ್ರಾವಣಿಯ ಜಡೆಯ ಹೂ ಇನ್ನೂ ಬಾಡಿರಲಿಲ್ಲ.

ಸುಮಾ ತನ್ನ ಫೋನಿನಲ್ಲಿ ಅಲಾರಂನ ದಾಖಲೆ ತೆರೆದು ನೋಡಿದಳು. “ಬೆಳಿಗ್ಗೆ ಅದು ತಾನಾ ಆಫ್ ಆಗೇತ್ರಿ. ಇವತ್ತು ಯಾವ ವಾರ?”

“ಗುರುವಾರ. ಯಾಕ?”

“ಗುರುವಾರ ಕೆಲಸದ ದಿನ ಅಂತ ನಾವ ಹೇಳೀವಿ. ಅದಕ್ಕ ವಾರ ಗೊತ್ತು, ಅಮಾಸಿ ಗೊತ್ತಿಲ್ಲ. ನಾನೂ ಕೇಳಲಿಲ್ಲ, ನೀವೂ ಹೇಳಲಿಲ್ಲ.”

“ಅಮಾಸಿ ಗೊತ್ತಿಲ್ದ ಇದು ಯಾವೂರಾಗ ಹುಟ್ಟೈತಿ?”

“ಎಲ್ಲೇ ಹುಟ್ಟಲಿ, ನಮ್ಮೂರಿಗೆ ಬಂದ ಮ್ಯಾಲ ನಾವ ಕಲಿಸಬೇಕಲ್ರಿ.”

ರಾಧಾ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದಳು. “ಅಕ್ಕಾ, ಅಮಾಸೆ ತಿಂಗ್ಳಿಗೊಂದು ತಾರೀಖಿಗೆ ಬತ್ತೈತೆ. ಅದೇ ತಿಳ್ಕಂತೈತಾ?”

“ಇಲ್ಲವ್ವ. ಒಂದೊಂದ ತಾರೀಖೂ ನಾವ ರಜೆ ಅಂತ ಹಾಕಬೇಕು. ಯುಗಾದಿಗೆ ಹೊಸ ಪಂಚಾಂಗ ಬಂದಾಗ ವರ್ಷದ್ದೆಲ್ಲ ಹಾಕಿಬಿಟ್ರ ಮುಗೀತು. ರಜೆ ದಿನ ಅದು ಆಫ್ ಆಗಂಗಿಲ್ಲ.”

“ಕರೆಂಟ್ ಹೋದ್ರ?” ದ್ರಾಕ್ಷಾಯಣಮ್ಮ ಬಿಡಲಿಲ್ಲ.

“ಒಳಗ ಬ್ಯಾಟರಿ ಐತ್ರಿ. ಭಾಳ ಹೊತ್ತು ಕರೆಂಟ್ ಹೋಗಿ ಬಂದ್ರ ಅದರ ಗಡಿಯಾರ ಸರಿ ಐತೇನು ಅಂತ ಒಮ್ಮೆ ನೋಡ್ರಿ. ಮತ್ತ ಆ ಚಿಲಕ ರಿಪೇರಿ ಮಾಡಸ್ರಿ. ಅಲಾರಂ ಕೂಗ್ತೈತಿ, ಬಾಗ್ಲಾ ಹಾಕಂಗಿಲ್ಲ.”

ಸುಮಾ ಅಂದಿನ ತಾರೀಖನ್ನೂ ಕ್ಯಾಲೆಂಡರಿನ ಉಳಿದ ಅಮಾವಾಸ್ಯೆಗಳನ್ನೂ ರಜೆ ಎಂದು ಹಾಕಿ, ಕಾವಲು ಆನ್ ಮಾಡಿ, ಎಲ್ಲರನ್ನೂ ಹೊರಗೆ ಕರೆದಳು. ಸ್ವಲ್ಪ ಹೊತ್ತಿನ ಮೇಲೆ, “ಅತ್ತಿ, ಹಿಂಬಾಗ್ಲಾ ತೆಗೀರಿ” ಎಂದಳು.

ದ್ರಾಕ್ಷಾಯಣಮ್ಮ ತಳ್ಳಿದ್ದೇ ತಡ, ಸೈರನ್ ಬೀದಿ ತುಂಬ ಕೂಗಿತು. ಬೋರಣ್ಣನ ಮೇಕೆ ಹಗ್ಗದ ಸಮೇತ ಓಡಿತು. “ಏ, ಕಳ್ಳಿ ನಾನಲ್ಲೋ! ನಿಲ್ಲಸ್ರೇ ಅದನ್ನ!” ಎಂದು ಆಕೆ ಕಿವಿ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಳು. ಸದ್ದು ನಿಂತ ಮೇಲೆ ತಾನೇ ನಕ್ಕಳು. “ಸಂದೇಶ ನನ್ನ ಫೋನಿಗೂ ಬರಲಿ. ಊರಾಗ ಇರಾಕಿ ನಾನು, ಬಂದು ನೋಡ್ತೀನಿ. ರಾಧಾ, ಮುಂದಿನ ಅಮಾಸಿಗೆ ನೀ ತವರಿಗೆ ಹೋಗು.”

ಮುಂದಿನ ಅಮಾವಾಸ್ಯೆಗೆ ರಾಧಾ ಹಿಂದಿನ ರಾತ್ರಿಯೇ ತವರು ಸೇರಿದ್ದಳು. ಬೆಳಿಗ್ಗೆ ಹೇಮಾವತಿಯ ಗುಡಿಯಲ್ಲಿ ಕಂಬಗಳ ನೆರಳು ನೀರಿನಂತೆ ತಂಪಾಗಿ ಹರಡಿತ್ತು. ಮೈಲಾರಮ್ಮ ಶ್ರಾವಣಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತೀರಾ ಹತ್ತಿರಕ್ಕೆ ತಂದುಕೊಂಡಳು. “ನಿಮ್ಮಮ್ಮಂದೇ ಮೂಗು ಕಣೇ!”

ರಾಧಾಳ ಮಡಿಲಲ್ಲಿ ಫೋನ್ ಅದುರಿತು. ಅವಳು ಬೇಗನೆ ಕೈಗೆತ್ತಿಕೊಂಡಳು. ಶೆಡ್ಡಿನಲ್ಲಿ ಕೆಲಸ ಶುರುವಾಗುವ ಹೊತ್ತು ಅದು. ಸಂದೇಶ ಓದಿದಳು: “ಇಂದು ರಜೆ. ಕಾವಲು ಮುಂದುವರಿದಿದೆ.”

ದೂರದ ಆ ಶೆಡ್ಡಿನಲ್ಲಿ ನೀಲಿ ಎಳೆಗಳು ಈಗ ಮುಸುಕು ಹೊದ್ದ ಮಿಷಿನ್‌ಗಳ ಮೇಲೆ ಸದ್ದಿಲ್ಲದೆ ಇಳಿಯುತ್ತಿರಬೇಕು. ಅವಳು ಫೋನ್ ಮಡಿಲಿಗಿಟ್ಟು, ತಾಯಿಯ ಹೆಗಲಿಗೆ ತಲೆ ಆನಿಸಿದಳು.

ನಿಮ್ಮ ಅಂಗಡಿಯಲ್ಲೋ ಗೋದಾಮಿನಲ್ಲೋ ಸಂಘದ ಕಟ್ಟಡದಲ್ಲೋ ಇಂಥ ಅಲಾರಂ ಇದ್ದರೆ ಇವತ್ತೇ ತೆರೆದು ನೋಡಿ. ಯಾವ ದಿನಗಳಲ್ಲಿ ಅದು ತಾನೇ ಆಫ್ ಆಗುತ್ತದೆ? ಆ ದಿನಗಳಲ್ಲೆಲ್ಲ ನೀವು ನಿಜವಾಗಿಯೂ ಅಲ್ಲಿರುತ್ತೀರಾ? ಹಬ್ಬ, ಅಮಾವಾಸ್ಯೆ, ಮನೆಯ ಮದುವೆ, ನಿಮ್ಮ ಬಾಗಿಲು ಮುಚ್ಚುವ ದಿನ ಯಾವುದೇ ಇರಲಿ, ಅದರ ತಾರೀಖು ಹಾಕಿ. ಒಮ್ಮೆ ಕೂಗಿಸಿ ನೋಡಿ, ಚಿಲಕ ಭದ್ರಪಡಿಸಿ. ಆಮೇಲೆ ನಿಶ್ಚಿಂತೆಯಿಂದ ಹೊರಡಿ. ನಿಮ್ಮ ದಾರಿ ಕಾಯುತ್ತಿರುವವರಿಗೆ ಮುಖ ತೋರಿಸಿ ಬನ್ನಿ.