ದನಿ ನುಂಗಿದ ಡಬ್ಬಿ

ನಾನು ಒಂದು ಹಾರ್ಡ್ ಡಿಸ್ಕ್. ಹಾಗೆಂದು ನನ್ನ ಮೈಮೇಲೆ ಬೆಳ್ಳಿ ಅಕ್ಷರದಲ್ಲಿ ಬರೆದಿದ್ದಾರೆ, ನಾನಾಗಿ ಹೇಳಿಕೊಂಡದ್ದಲ್ಲ. ಬರೆದದ್ದು ನಿಜವಾಗಿದ್ದರೆ ನಾನು ನಿಮ್ಮೆದುರು ಬಾಯಿ ಬಿಡಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ.

ನಾನು ಹುಟ್ಟಿದ್ದು ಕಡಲಾಚೆಯ ಯಾವುದೋ ಊರಿನ ಕಿಟಕಿಯಿಲ್ಲದ ಕೋಣೆಯಲ್ಲಿ. ಸಾಲಾಗಿ ಕೂತ ಹೆಂಗಸರಲ್ಲಿ ಒಬ್ಬಳು ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡೊಂದನ್ನು ನನ್ನ ಹೊಟ್ಟೆಯೊಳಗೆ ಅಂಟಿಸಿದಳು. ಕೈಯಲ್ಲಿ ಹಿಡಿದವರಿಗೆ ಹಗುರ ಅನ್ನಿಸಬಾರದೆಂದು ಪಕ್ಕದಲ್ಲಿ ಒಂದು ಕಬ್ಬಿಣದ ವಾಷರ್ ಇಟ್ಟಳು. ಮುಚ್ಚಳ ಒತ್ತಿದ ಮೇಲೆ ಇನ್ನೊಬ್ಬ ನನ್ನನ್ನು ಯಂತ್ರಕ್ಕೆ ಚುಚ್ಚಿ, ಯಾರು ಕೇಳಿದರೂ ‘ನನ್ನಲ್ಲಿ ಎಂಟು ಟೀಬಿ ಜಾಗವಿದೆ’ ಎನ್ನಬೇಕೆಂದು ಕಲಿಸಿದ. ಎಂಟು ಟೀಬಿ ಎಂದರೆ ನೂರಕ್ಕೂ ಹೆಚ್ಚು ಮದುವೆ ಹಿಡಿಸಬೇಕು. ನಿಜವಾಗಿ ಇದ್ದದ್ದು ಒಂದೂವರೆ ಮದುವೆಯ ವಿಡಿಯೋ ಹಿಡಿಸುವಷ್ಟು ಜಾಗ. ಹುಟ್ಟಿದ ಕೂಸಿಗೆ ಮೊದಲು ಹಾಲುಣಿಸುತ್ತಾರಂತೆ. ನನಗೆ ಸುಳ್ಳು ಉಣಿಸಿ ಕಳಿಸಿದರು.

ಹಡಗು, ಲಾರಿ, ಗೋಣಿಚೀಲ ಎಲ್ಲ ದಾಟಿ ನಾನು ಬಂದು ಬಿದ್ದದ್ದು ಮುಂಡರಗಿಯಲ್ಲಿ, ಚಿದಾನಂದ ಬಡಿಗೇರನ ಫೋಟೋ ಸ್ಟುಡಿಯೋದ ಮೇಜಿನ ಮೇಲೆ. ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳ ವಿಡಿಯೋ ತೆಗೆಯುವುದು ಅವನ ಕಸುಬು. ಹುಬ್ಬಳ್ಳಿಯ ಅಂಗಡಿಯಲ್ಲಿ ಇಂಥ ಡಿಸ್ಕಿಗೆ ಹೇಳಿದ ಬೆಲೆ ಕೇಳಿ ಅವನು ಬರಿಗೈಯಲ್ಲಿ ವಾಪಸಾಗಿದ್ದ. ಮೊಬೈಲಿನಲ್ಲಿ ನನ್ನ ಚಿತ್ರ ಕಂಡಾಗ ಅದರ ಕೆಳಗೆ ಇದ್ದದ್ದು ಎಂಟುನೂರಾ ತೊಂಬತ್ತು ರೂಪಾಯಿ.

ಅವನ ಅಪ್ಪ ಮೌನೇಶಪ್ಪ ಹಳೆಯ ಕಾಲದ ಬಡಗಿ. ತೊಲೆ ಕೊಳ್ಳುವ ಮುಂಚೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ, ಒಳಗೆ ಪೊಳ್ಳಿದೆಯೋ ಇಲ್ಲವೋ ಹೇಳುವವನು. ಅವನು ನನ್ನನ್ನು ಕೈಗೆತ್ತಿಕೊಂಡು ತಟ್ಟಿದ. ನಾನು ಉಸಿರು ಬಿಗಿಹಿಡಿದೆ.

“ಏನೋ ಕಟಕಟ ಅಂತೈತಲ್ಲೋ ಒಳಗ.”

“ಅದು ಕಟ್ಟಿಗಿ ಅಲ್ಲಪ್ಪಾ, ತಟ್ಟಿ ನೋಡಾಕ. ಫಾರಿನ್ನದು,” ಎಂದು ಚಿದಾನಂದ ನಕ್ಕುಬಿಟ್ಟ. ನನಗೂ ಸಮಾಧಾನವಾಯಿತು. ಆ ಸಮಾಧಾನ ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಚಿದಾನಂದನ ಸ್ಟುಡಿಯೋದಲ್ಲಿ ಒಂದು ರೂಢಿ ಇತ್ತು. ಹೊಸ ಡಿಸ್ಕ್ ಬಂದರೆ ಮೊಟ್ಟಮೊದಲು ಅದಕ್ಕೆ ತುಂಬುವುದು ಗಣಪ್ಪನ ಆರತಿಯ ವಿಡಿಯೋ. ಆಮೇಲೆ ಯಾವ ಮದುವೆ ತುಂಬಿದರೂ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಲು ತೆರೆಯುವುದೂ ಆ ಗಣಪ್ಪನನ್ನೇ. “ಗಣಪ್ಪ ಓಡಿದ್ನಲ್ಲ, ಮತ್ತೇನ!” ಎಂದು ಕೈಮುಗಿದು, ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಮುಂದಿನ ಮದುವೆಗೆ ಹೊರಡುತ್ತಿದ್ದ. ಮೊದಲು ಬಂದ ಗಣಪ್ಪ ನನ್ನೊಳಗಿನ ನಿಜವಾದ ಜಾಗದಲ್ಲಿ ಭದ್ರವಾಗಿ ಕೂತಿದ್ದ, ಕರೆದಾಗಲೆಲ್ಲ ಬಂದು ಆರತಿ ಮಾಡಿಸಿಕೊಂಡು ಹೋಗುತ್ತಿದ್ದ. ಅವನ ಹಿಂದೆ ಮೊದಲ ಮದುವೆಯೂ ಎರಡನೆಯದರ ಅರ್ಧವೂ ಕೂತವು. ಅಲ್ಲಿಗೆ ನನ್ನ ಹೊಟ್ಟೆ ತುಂಬಿತು.

ಆದರೂ ಚಿದಾನಂದ ತುಂಬುತ್ತಲೇ ಹೋದ, ನಾನು ‘ಜಾಗವಿದೆ’ ಎನ್ನುತ್ತಲೇ ಹೋದೆ. ಪ್ರತಿ ವಿಡಿಯೋದ ಹೆಸರನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ಒಳಗಿನ ದೃಶ್ಯ, ದನಿ, ನಗು ಎಲ್ಲ ನನ್ನ ಬಾಯಿಯಿಂದ ಒಳಗೆ ಬಂದು, ನಿಲ್ಲಲು ನೆಲ ಸಿಗದೆ ಎಲ್ಲಿಗೋ ಬಿದ್ದುಹೋಗುತ್ತಿದ್ದವು. ಎಲ್ಲಿಗೆ ಎಂದು ನನ್ನನ್ನು ಕೇಳಬೇಡಿ. ಅವು ಬಿದ್ದ ಸದ್ದು ಕೂಡ ನನಗೆ ಕೇಳಲಿಲ್ಲ. ಒಂಬತ್ತು ಮದುವೆಗಳ ಹೆಸರುಗಳು ನನ್ನ ಬಾಗಿಲಲ್ಲಿ ಸಾಲಾಗಿ ನಿಂತಿದ್ದವು, ಹಿಂದೆ ಏಳೂವರೆ ಮನೆಗಳಲ್ಲಿ ಯಾರೂ ಇರಲಿಲ್ಲ.

ದೀಪಾವಳಿ ಕಳೆದು ತಿಂಗಳಾದ ಮೇಲೆ ಒಂದು ಮುಂಜಾನೆ ನೀಲಗಂಗವ್ವ ಸ್ಟುಡಿಯೋಕ್ಕೆ ಬಂದಳು. ಬಸ್‌ಸ್ಟ್ಯಾಂಡಿನ ಹಿಂದಿನ ಹಿಟ್ಟಿನ ಗಿರಣಿ ಅವಳದು. ವೈಶಾಖದಲ್ಲಿ ಅವಳ ಮಗಳು ಸುಮಂಗಲಾಳ ಮದುವೆಯ ವಿಡಿಯೋ ತೆಗೆದದ್ದು ಚಿದಾನಂದನೇ. ಗಂಡ ಫಕೀರಪ್ಪ ದೀಪಾವಳಿಯ ಹಿಂದಿನ ವಾರ ಗಿರಣಿಯಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಅವಳ ಹಣೆ ಬೋಳಾಗಿತ್ತು, ಸೆರಗಿನ ತುಂಬ ಜೋಳದ ಹಿಟ್ಟು.

“ತಮ್ಮಾ, ಮದುವ್ಯಾಗ ನಮ್ಮವರು ಒಡಪು ಹೇಳ್ಯಾರಲ್ಲ, ಅದನ್ನೊಮ್ಮಿ ಕೇಳಸು,” ಎಂದಳು.

ಈ ಸೀಮೆಯ ಮದುವೆಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನು ಇನ್ನೊಬ್ಬರು ಸುಮ್ಮನೆ ಹೇಳುವಂತಿಲ್ಲ, ಪ್ರಾಸದ ಸಾಲಿನಲ್ಲಿ ಹೆಣೆದು ಹೇಳಬೇಕು. ಅದೇ ಒಡಪು. ಅವತ್ತು ಸುಮಂಗಲಾ “ಎಲಿ ಅಡಿಕಿ ಸುಣ್ಣಕ್ಕ ಕಾಚು ಬೇಕ, ನನ್ನ ಬಾಳಿಗಿ ಗುರುಸಿದ್ಧಪ್ಪ ಒಬ್ಬರ ಸಾಕ” ಎಂದು ಹೇಳಿದ ಮೇಲೆ ಹೆಂಗಸರೆಲ್ಲ ಸೇರಿ ಫಕೀರಪ್ಪನನ್ನೂ ಹಿಡಿದು ನಿಲ್ಲಿಸಿದ್ದರಂತೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಹೆಂಡತಿಯ ಹೆಸರನ್ನು ಒಮ್ಮೆಯೂ ಬಾಯಲ್ಲಿ ತರದ ಮನುಷ್ಯ ಅವನು. ಗಿರಣಿಯ ಸದ್ದಿನಲ್ಲಿ ಚಪ್ಪಾಳೆ ತಟ್ಟಿ ಕರೆಯುತ್ತಿದ್ದ, ಮನೆಯಲ್ಲಿ “ಏ, ಎಲ್ಲಿದ್ದೀ” ಎನ್ನುತ್ತಿದ್ದ. ಅಂಥವನು ಅವತ್ತು ನಿಂತು ಒಡಪು ಹೇಳಿಬಿಟ್ಟ.

“ನೀವೂ ಅಲ್ಲೇ ಇದ್ರಲ್ರೀ ಅಕ್ಕಾರ,” ಎಂದ ಚಿದಾನಂದ.

“ಇದ್ನೋ. ನಾಚಿಕಿ ಬಂದು ಸೆರಗು ಹೊದ್ದು ಎರಡೂ ಕಿವಿ ಮುಚ್ಚಿಕೊಂಡ ಕುಂತೆ. ಮ್ಯಾಲ ಇವರೆಲ್ಲಾ ಕೇಕಿ ಹಾಕಿ ನಕ್ರು. ಎಲ್ಲಾರೂ ಕೇಳಿದ್ರು, ನನಗೊಬ್ಬಾಕಿಗೇ ಕೇಳಲಿಲ್ಲ. ಏನಂದ್ರಿ ಅಂತ ಮನಿಗಿ ಹೋಗಿ ಕೇಳಿದ್ರ, ‘ವಿಡಿಯೋದಾಗ ನೋಡ್ಕೋ ಹೋಗ’ ಅಂದ್ರು. ಈಗ ಬ್ಯಾರೆದವರನ್ನ ಕೇಳಿದ್ರ ಒಬ್ಬೊಬ್ಬರು ಒಂದೊಂದು ಹೇಳ್ತಾರ.”

ಕಾರ್ಡು ಅಳಿಸುವ ಮುಂಚೆಯೇ ಆಯ್ದು ಜೋಡಿಸಿ ಚಿದಾನಂದ ಕೊಟ್ಟ ಹತ್ತು ನಿಮಿಷದ ವಿಡಿಯೋ ಅವಳ ಬಳಿ ಇತ್ತು. ಅದರಲ್ಲಿ ಫಕೀರಪ್ಪ ಬಾಯಿ ಆಡಿಸುವುದು ಕಾಣುತ್ತದೆ, ಆದರೆ ಅದರ ಮೇಲೆ ಚಿದಾನಂದ ಸಿನಿಮಾ ಹಾಡು ಹಾಕಿದ್ದಾನೆ. ಅವನು ತೆಗೆದ ಎಲ್ಲ ಮದುವೆಗಳೂ ಹಾಗೆಯೇ. ಗಂಡನ ಬಾಯಿ ಅಲುಗುತ್ತದೆ, ದನಿ ಇನ್ಯಾರದೋ. ಅದನ್ನು ಅವಳು ದಿನಾ ನೋಡುತ್ತಿದ್ದಳು.

“ಅಸಲಿ ವಿಡಿಯೋ ಐತ್ರಿ, ಎಲ್ಲಾ ಇದರಾಗ ಇಟ್ಟೇನಿ,” ಎಂದು ಚಿದಾನಂದ ನನ್ನನ್ನು ಕಂಪ್ಯೂಟರಿಗೆ ಚುಚ್ಚಿದ.

ಗಣಪ್ಪ ಓಡಿದ. ನೀಲಗಂಗವ್ವ ಕೈಮುಗಿದಳು. ಆಮೇಲೆ ‘ಸುಮಂಗಲಾ ಒಡಪು’ ಎಂಬ ಹೆಸರನ್ನು ಒತ್ತಿದ. ಪರದೆ ಕಪ್ಪಗೆ ಕೂತಿತು. ಇನ್ನೊಮ್ಮೆ ಒತ್ತಿದ. ಅಕ್ಕಿಕಾಳು, ತಾಳಿ, ಊಟದ ಪಂಕ್ತಿ, ಬೇರೆ ಮದುವೆ, ಮತ್ತೊಂದು ಮದುವೆ, ಎಲ್ಲವನ್ನೂ ಒತ್ತಿದ. ಮೊದಲು ತುಂಬಿದ ಒಂದೂವರೆ ಮದುವೆ ಬಿಟ್ಟರೆ ಯಾವುದೂ ತೆರೆಯಲಿಲ್ಲ.

“ಕಂಪ್ಯೂಟರ್ ಕೆಟ್ಟೈತ್ರಿ. ನಾಡಿದ್ದ ಬರ್ರಿ,” ಎಂದ.

ಅವಳು ಹೋದ ಮೇಲೆ ಅಪ್ಪನ ಉಳಿ ತಂದು ನನ್ನ ಮುಚ್ಚಳ ಎಬ್ಬಿಸಿದ. ಉಗುರಿನಷ್ಟು ಕಾರ್ಡು, ಒಂದು ವಾಷರ್, ಒಂದಷ್ಟು ಗೋಂದು. ಮಾರಿದವನಿಗೆ ಬೈದು ಬರೆಯೋಣವೆಂದು ಮೊಬೈಲ್ ತೆಗೆದರೆ ಆ ಅಂಗಡಿಯೇ ಇರಲಿಲ್ಲ, ನನ್ನ ಚಿತ್ರ ಮಾತ್ರ ಬೇರೆ ಹೆಸರಿನಲ್ಲಿ ಇನ್ನೂ ನೂರು ರೂಪಾಯಿ ಕಡಿಮೆಗೆ ಕೂತಿತ್ತು. ಅಂದಿನಿಂದ ಬಾಗಿಲಲ್ಲಿ ಯಾರ ಚಪ್ಪಲಿ ಸದ್ದು ಕೇಳಿದರೂ ಅವನು ಬೆಚ್ಚಿಬೀಳುತ್ತಿದ್ದ. ಉಳಿದ ಮದುವೆಗಳ ಮನೆಯವರು ಇನ್ನೂ ಕೇಳಿಕೊಂಡು ಬಂದಿರಲಿಲ್ಲ.

ಮರುದಿನ ಅವನು ಮಾಡಿದ್ದನ್ನು ನಾನೊಬ್ಬನೇ ಬಲ್ಲೆ. ಬಾಗಿಲು ಹಾಕಿಕೊಂಡು, ಆ ಹತ್ತು ನಿಮಿಷದ ವಿಡಿಯೋದಲ್ಲಿ ಫಕೀರಪ್ಪನ ಬಾಯಿ ಅಲುಗುವ ಜಾಗ ಹುಡುಕಿ, ಹಾಡು ತೆಗೆದು, ದನಿ ದಪ್ಪ ಮಾಡಿಕೊಂಡು ಮೈಕಿನಲ್ಲಿ ತಾನೇ ಒಂದು ಒಡಪು ಹೇಳಿದ. ಕೊನೆಗೆ “ನೀಲಗಂಗಾ” ಎಂದ. ತುಟಿಗೂ ಮಾತಿಗೂ ಚೆನ್ನಾಗಿಯೇ ಹೊಂದಿಕೆಯಾಯಿತು. ಗುರುತು ಸಿಗುತ್ತಿರಲಿಲ್ಲವೇನೋ. ಅದನ್ನು ಎರಡು ಸಲ ಹಾಕಿ ಕೇಳಿದ. ನನ್ನನ್ನೊಮ್ಮೆ ನೋಡಿದ, ಅಳಿಸಿಬಿಟ್ಟ. ಆ ಮೇಜಿನ ಮೇಲೆ ನಾನೊಬ್ಬ ಸುಳ್ಳುಗಾರ ಇದ್ದದ್ದು ಸಾಲದೇ?

ನೀಲಗಂಗವ್ವ ಬಂದಾಗ ನಿಜ ಹೇಳಿದ. ಸಣ್ಣ ಬೆಲೆಗೆ ಆಸೆಪಟ್ಟದ್ದನ್ನು, ಗಣಪ್ಪನನ್ನಷ್ಟೇ ತೆರೆದು ನೋಡಿದ್ದನ್ನು, ಕಾರ್ಡು ಅಳಿಸಿದ್ದನ್ನು, ಒಂದನ್ನೂ ಬಿಡದೆ ಹೇಳಿದ. ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತಿದ್ದ. ಅವಳು ಬೈಯಲಿಲ್ಲ.

“ನೀ ಅಲ್ಲೇ ನಿಂತಿದ್ದೆಲ್ಲ. ನೀನರ ಹೇಳು. ಏನಂದ್ರು?”

“ಬ್ಯಾಟರಿ ಮುಗೀಲಿಕ್ಕೆ ಬಂದಿತ್ರಿ ಅಕ್ಕಾರ. ನನ್ನ ಧ್ಯಾಸೆಲ್ಲಾ ಅದರ ಮ್ಯಾಲ ಇತ್ತು.”

“ಒಡಪು ಹೋಗ್ಲಿ ಬಿಡು. ನೀಲಗಂಗವ್ವ ಅಂದ್ರೋ, ನೀಲಾ ಅಂದ್ರೋ? ಅಷ್ಟ ಹೇಳು.”

ಹೇಳು, ಯಾವುದಾದರೂ ಒಂದು ಹೇಳಿಬಿಡು ಎಂದು ನಾನು ಒಳಗೊಳಗೇ ಒದ್ದಾಡಿದೆ. ಸುಳ್ಳು ಹೇಳುವುದು ಎಷ್ಟು ಸುಲಭವೆಂದು ನನ್ನನ್ನು ಕೇಳಿ.

“ನೆನಪಿಲ್ರಿ,” ಎಂದು ಚಿದಾನಂದ ಅತ್ತುಬಿಟ್ಟ.

ಅವಳು ಸೆರಗಿನಿಂದ ಮೇಜಿನ ಮೇಲೆ ಉದುರಿದ್ದ ಹಿಟ್ಟನ್ನು ಒರೆಸಿದಳು, ಆಮೇಲೆ ನನ್ನನ್ನು ಎತ್ತಿಕೊಂಡಳು. “ಇದನ್ನ ಒಯ್ತೀನಿ.”

“ಅದರಾಗ ಏನೂ ಇಲ್ರಿ ಅಕ್ಕಾರ.”

“ಅವರ ದನಿ ಹೋಗಿದ್ದು ಇದರ ಬಾಯಾಗಿಂದನ ಹೌದಲ್ಲೋ?”

ಅವನು ಹೌದೆಂದ. ಮುಚ್ಚಳ ಅಂಟಿಸಿ ಕೊಟ್ಟ.

ಈಗ ನನಗೆ ನಾಲ್ಕು ವರ್ಷ. ನಮ್ಮ ಜಾತಿಗೆ ಅದು ಮುಪ್ಪು. ಗಿರಣಿಯ ಗೋಡೆಯ ಗೂಡಿನಲ್ಲಿ ಕೂತಿದ್ದೇನೆ, ಮೈಯೆಲ್ಲ ಹಿಟ್ಟು, ಬೆಳ್ಳಿ ಅಕ್ಷರ ಉದುರಿವೆ. ನನ್ನ ಮೇಲೆ ಬರೆದ ಸುಳ್ಳು ಅಳಿಸಿಹೋಯಿತಲ್ಲ ಎಂಬುದೊಂದೇ ನೆಮ್ಮದಿ. ಅಗ್ಗಕ್ಕೆ ಬಂದವನು ನಾನು. ನನ್ನಿಂದ ಹೋದದ್ದರ ಬೆಲೆಯನ್ನು ಯಾವ ಊರಿನ ಅಂಗಡಿಯವನೂ ಹೇಳಲಾರ. ಆ ದನಿ ನನ್ನನ್ನು ಹಾದುಹೋದ ಕ್ಷಣವನ್ನು ಹುಡುಕುತ್ತೇನೆ. ಸಿಗುವುದು ಬರೀ ಹೆಸರು, ಅದರ ಹಿಂದೆ ಕತ್ತಲೆ.

ಮಧ್ಯಾಹ್ನ ಬೀಸುವವರ ಸಾಲು ಮುಗಿದು ನೀಲಗಂಗವ್ವ ಯಂತ್ರದ ಪಟ್ಟಾ ಇಳಿಸಿದಾಗ ಗಿರಣಿ ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಆಗ ಅವಳು ಕೈ ತೊಳೆದು ಬಂದು ನನ್ನನ್ನು ತೆಗೆದು ಕಿವಿಗೆ ಹಚ್ಚಿಕೊಳ್ಳುತ್ತಾಳೆ. ನಾನು ಉಸಿರು ಹಿಡಿದು ಕೂರುತ್ತೇನೆ. ನನ್ನೊಳಗೆ ಯಾರೂ ಇಲ್ಲ, ಯಾರೂ ಕರೆಯುವುದಿಲ್ಲ, ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಸ್ವಲ್ಪ ಹೊತ್ತಿನ ಮೇಲೆ ಅವಳು ತಲೆ ಎತ್ತಿ, ಪಕ್ಕದ ಕೋಣೆಯಿಂದ ಕೂಗಿದವರಿಗೆ ಹೇಳುವಂತೆ, “ಓ” ಎನ್ನುತ್ತಾಳೆ.